ಕಸದ ಗುಡ್ಡೆಯಿಂದ ಕರೆಂಟು: ಎಂಜಿನ್‌ಗಿಂತ ಮುಂಚಿನ ಕೆಲಸ

ಲ್ಯಾಂಡ್‌ಫಿಲ್ ಗ್ಯಾಸಿನಿಂದ, ಅಂದರೆ ಹೂತ ಕಸ ಕೊಳೆತು ಹುಟ್ಟುವ ಗ್ಯಾಸಿನಿಂದ, ವಿದ್ಯುತ್ ತಯಾರಿಸುವ ಮಾತು ಬಂದಾಗಲೆಲ್ಲ ಮೊದಲು ಕೇಳುವ ಪ್ರಶ್ನೆ ಎಂಜಿನ್ನಿನದು. ಯಾವ ಕಂಪನಿಯದು, ಎಷ್ಟು ಮೆಗಾವ್ಯಾಟ್? ನಿಜಕ್ಕೂ ಇಡೀ ವ್ಯವಸ್ಥೆಯಲ್ಲಿ ಸುಲಭದ ಭಾಗ ಅದೇ. ದುಡ್ಡು ಕೊಟ್ಟರೆ ಕಂಟೇನರ್ ಒಳಗೆ ಜೋಡಿಸಿಕೊಂಡೇ ಬರುತ್ತದೆ. ಕಷ್ಟವಿರುವುದು ಕಸದೊಳಗೆ ಕೊರೆದ ಬಾವಿಗಳಲ್ಲಿ, ಪೈಪುಗಳ ಇಳಿಜಾರಿನಲ್ಲಿ, ಪ್ರತಿ ಬಾವಿಯ ವಾಲ್ವನ್ನು ಎಷ್ಟು ತೆರೆಯಬೇಕೆಂಬ ತೀರ್ಮಾನದಲ್ಲಿ. ಸೊರಗಿದ ಯೋಜನೆಗಳನ್ನು ನೋಡಿದರೆ ಎಂಜಿನ್ ಚೆನ್ನಾಗಿಯೇ ಇರುತ್ತದೆ, ಅದಕ್ಕೆ ಗ್ಯಾಸ್ ಬರುತ್ತಿರುವುದಿಲ್ಲ. ಅಥವಾ ಬರುವ ಗ್ಯಾಸಿನಲ್ಲಿ ಗಾಳಿ, ನೀರು, ಸಿಲಿಕಾನ್ ತುಂಬಿರುತ್ತವೆ. ಹಾಗಾಗಿ ಈ ಬರಹದ ಬಹುಪಾಲು ಎಂಜಿನ್‌ಗಿಂತ ಹಿಂದಿನ ಸಂಗತಿಗಳಿಗೇ ಮೀಸಲು.

ಗ್ಯಾಸ್ ಹುಟ್ಟುವ ಬಗೆ

ಹೊಸದಾಗಿ ಸುರಿದ ಕಸದಲ್ಲಿ ಮೊದಲು ಗಾಳಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಸಿಕ್ಕಿಕೊಂಡಿದ್ದ ಆಮ್ಲಜನಕ ದಿನಗಳಲ್ಲಿ, ಹೆಚ್ಚೆಂದರೆ ವಾರಗಳಲ್ಲಿ ಮುಗಿಯುತ್ತದೆ. ಆಮೇಲೆ ಆಮ್ಲ ತಯಾರಿಸುವ ಬ್ಯಾಕ್ಟೀರಿಯಾಗಳ ಸರದಿ. ಈ ಹಂತದಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಒಂದಿಷ್ಟು ಹೈಡ್ರೋಜನ್ ಬರುತ್ತವೆ, ಮೀಥೇನ್ ಇನ್ನೂ ಇರುವುದಿಲ್ಲ. ಮೀಥೇನ್ ತಯಾರಿಸುವ ಜೀವಿಗಳು ನೆಲೆಯೂರಲು ಕೆಲವು ತಿಂಗಳಿಂದ ಒಂದೆರಡು ವರ್ಷ ಬೇಕು. ಒಮ್ಮೆ ನೆಲೆಯೂರಿದರೆ ಗ್ಯಾಸಿನಲ್ಲಿ ಮೀಥೇನ್ ಶೇ. 45ರಿಂದ 60, ಇಂಗಾಲದ ಡೈಆಕ್ಸೈಡ್ ಶೇ. 35ರಿಂದ 50 ಇರುತ್ತದೆ. ಉಳಿದದ್ದು ಸ್ವಲ್ಪ ಸಾರಜನಕ, ಹೈಡ್ರೋಜನ್ ಸಲ್ಫೈಡ್, ಆವಿಯಾದ ನೀರು ಮತ್ತು ನೂರಾರು ಬಗೆಯ ಸಾವಯವ ಆವಿಗಳು. ಈ ಕೊನೆಯ ಗುಂಪಿನಲ್ಲೇ ಸಿಲೋಕ್ಸೇನ್ ಇರುವುದು. ಅದರ ಕಥೆ ಮುಂದಿದೆ.

ಇದನ್ನು ನವೀಕರಿಸಬಹುದಾದ ಇಂಧನ ಎಂದು ಲೆಕ್ಕ ಹಾಕುವುದು ಮೀಥೇನಿನ ಇಂಗಾಲ ಆಹಾರ, ಕಾಗದ, ಮರ, ಎಲೆಗಳಿಂದ ಬಂದದ್ದು ಎಂಬ ಕಾರಣಕ್ಕೆ. ಗ್ಯಾಸ್ ಸಿಗುತ್ತದೆಂದು ಹಸಿ ಕಸವನ್ನು ಹೂಳುತ್ತಲೇ ಹೋಗುವುದಕ್ಕೆ ಮಾತ್ರ ಇದು ಸಮರ್ಥನೆಯಲ್ಲ. ಅದೇ ಹಸಿ ಕಸವನ್ನು ಬೇರ್ಪಡಿಸಿ ಮುಚ್ಚಿದ ಬಯೋಗ್ಯಾಸ್ ಟ್ಯಾಂಕಿಗೆ ಹಾಕಿದರೆ ಗ್ಯಾಸ್ ಸೋರದೆ ವಾರಗಳಲ್ಲಿ ಸಿಗುತ್ತದೆ. ಲ್ಯಾಂಡ್‌ಫಿಲ್ ಗ್ಯಾಸ್ ಯೋಜನೆಯೇನಿದ್ದರೂ ಈಗಾಗಲೇ ಹೂತು ಹೋಗಿರುವ ಕಸಕ್ಕೆ. ಅಲ್ಲಿ ಅದರ ಲಾಭ ದೊಡ್ಡದು, ಏಕೆಂದರೆ ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 27 ಟನ್ ಇಂಗಾಲದ ಡೈಆಕ್ಸೈಡ್‌ನಷ್ಟು ಶಾಖ ಹಿಡಿದಿಡುತ್ತದೆ. ಒಂದು ಮೆಗಾವ್ಯಾಟ್ ಎಂಜಿನ್ ವರ್ಷಕ್ಕೆ 8,000 ಗಂಟೆ ಓಡಿದರೆ ಸುಮಾರು 1,400 ಟನ್ ಮೀಥೇನ್ ಸುಡುತ್ತದೆ. ಕರೆಂಟಿನ ಲಾಭಕ್ಕಿಂತ ಹವಾಮಾನದ ಲಾಭವೇ ಇಲ್ಲಿ ಹೆಚ್ಚು ತೂಗುತ್ತದೆ.

ಎಷ್ಟು ಗ್ಯಾಸ್, ಎಷ್ಟು ವರ್ಷ

ಎಡವಟ್ಟುಗಳು ಶುರುವಾಗುವುದು ಈ ಲೆಕ್ಕದಿಂದ. ಎಲ್ಲರೂ ಬಳಸುವುದು ಕೊಳೆಯುವಿಕೆಯ ಸರಳ ಘಾತೀಯ ಮಾದರಿಯನ್ನು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎಯ ಲ್ಯಾಂಡ್‌ಜೆಮ್ ಕೂಡ ಇದೇ ಬಗೆಯದು. ಇದರಲ್ಲಿ ಎರಡೇ ಸಂಖ್ಯೆಗಳು ಮುಖ್ಯ. ಒಂದು, ಒಂದು ಟನ್ ಕಸ ತನ್ನ ಆಯುಷ್ಯದಲ್ಲಿ ಒಟ್ಟು ಎಷ್ಟು ಘನ ಮೀಟರ್ ಮೀಥೇನ್ ಕೊಡುತ್ತದೆ ಎಂಬುದು. ಇನ್ನೊಂದು, ಎಷ್ಟು ಬೇಗ ಕೊಡುತ್ತದೆ ಎಂಬ ದರ. ಈ ದರವನ್ನು 'ಕೆ' ಎನ್ನೋಣ.

'ಕೆ' 0.05 ಇದ್ದರೆ ಗ್ಯಾಸ್ ಅರ್ಧಕ್ಕಿಳಿಯಲು ಸುಮಾರು 14 ವರ್ಷ ಬೇಕು. ಒಣ ಹವೆಯ ಜಾಗಗಳಿಗೆ 0.02 ಹಾಕುತ್ತಾರೆ, ಅಲ್ಲಿ ಅರ್ಧಾಯುಷ್ಯ ಸುಮಾರು 35 ವರ್ಷ. ಮಳೆ ಹೆಚ್ಚಿರುವ ಉಷ್ಣವಲಯದಲ್ಲಿ ಬೇಗ ಕೊಳೆಯುವ ಆಹಾರದ ಕಸಕ್ಕೆ ಐಪಿಸಿಸಿ (ವಿಶ್ವಸಂಸ್ಥೆಯ ಹವಾಮಾನ ಸಮಿತಿ) ಮಾರ್ಗಸೂಚಿ ಕೊಡುವ ಸಂಖ್ಯೆ 0.4. ಅಂದರೆ ಅರ್ಧಾಯುಷ್ಯ ಎರಡು ವರ್ಷಕ್ಕೂ ಕಡಿಮೆ.

ಇದು ಕೈಗೆ ಹೇಗೆ ತಟ್ಟುತ್ತದೆಂದು ನೋಡಲು ಒಂದು ಒರಟು ಲೆಕ್ಕ ಹಾಕೋಣ. 10 ಲಕ್ಷ ಟನ್ ಕಸ ಒಮ್ಮೆಲೇ ಬಂದು ಬಿತ್ತು ಎಂದುಕೊಳ್ಳಿ. ನಿಜದಲ್ಲಿ ಹಾಗಾಗುವುದಿಲ್ಲ, ವರ್ಷವರ್ಷದ ಕಸವನ್ನು ಬೇರೆಬೇರೆ ಲೆಕ್ಕ ಹಾಕಿ ಕೂಡಿಸಬೇಕು. ಟನ್ನಿಗೆ 100 ಘನ ಮೀಟರ್ ಮೀಥೇನ್, ಹಿಡಿಯಲು ಸಿಗುವುದು ಶೇ. 60, ಎಂಜಿನ್ ದಕ್ಷತೆ ಶೇ. 38 ಇರಲಿ. 'ಕೆ' 0.05 ಆದರೆ ಮೊದಲಿಗೆ ಗಂಟೆಗೆ 570 ಘನ ಮೀಟರ್ ಮೀಥೇನ್ ಹುಟ್ಟುತ್ತದೆ. ಅದರಲ್ಲಿ 340 ಕೈಗೆ ಸಿಕ್ಕಿ, ಸುಮಾರು 1.3 ಮೆಗಾವ್ಯಾಟ್ ವಿದ್ಯುತ್ ಆಗುತ್ತದೆ. ಹತ್ತು ವರ್ಷದ ನಂತರವೂ ಸುಮಾರು 0.8 ಮೆಗಾವ್ಯಾಟ್ ಉಳಿದಿರುತ್ತದೆ. ಅದೇ ಕಸಕ್ಕೆ 'ಕೆ' 0.2 ಆದರೆ ಮೊದಲಿಗೆ 5.2 ಮೆಗಾವ್ಯಾಟ್! ಐದು ವರ್ಷಕ್ಕೆ 1.9, ಹತ್ತು ವರ್ಷಕ್ಕೆ 0.7.

ಮೊದಲ ವರ್ಷದ 5.2 ನೋಡಿ 5 ಮೆಗಾವ್ಯಾಟ್ ಎಂಜಿನ್ ಆರ್ಡರ್ ಮಾಡಿದವರ ಗತಿ ಊಹಿಸಿ. ಸಮೀಕ್ಷೆ, ಅನುಮತಿ, ಬಾವಿ, ಗ್ರಿಡ್ ಸಂಪರ್ಕ ಎಲ್ಲ ಮುಗಿಯುವಷ್ಟರಲ್ಲಿ ಎರಡು ಮೂರು ವರ್ಷ ಕಳೆದಿರುತ್ತದೆ. ಆ ವೇಳೆಗೆ ಗ್ಯಾಸಿನ ಮೂರನೇ ಒಂದರಿಂದ ಅರ್ಧದ ಹತ್ತಿರದಷ್ಟು ಆಕಾಶ ಸೇರಿರುತ್ತದೆ. ಹಸಿ ಕಸ ಹೆಚ್ಚಿರುವ ಗುಡ್ಡೆಯಲ್ಲಿ ಕಸ ಸುರಿಯುತ್ತಿರುವಾಗಲೇ ಗ್ಯಾಸ್ ಹಿಡಿಯಬೇಕು, ಮುಚ್ಚಿದ ಮೇಲಲ್ಲ ಎಂದು ಹೇಳುವುದು ಇದಕ್ಕೇ.

ಎಂಜಿನ್ ಗಾತ್ರದ ವಿಷಯದಲ್ಲಿ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು. ಮಾದರಿ ಹೇಳುವ ಗರಿಷ್ಠಕ್ಕಲ್ಲ, ಮುಂದಿನ ಏಳೆಂಟು ವರ್ಷ ಖಚಿತವಾಗಿ ಸಿಗುವ ಪ್ರಮಾಣಕ್ಕೆ ಗಾತ್ರ ಆರಿಸಬೇಕು. ಒಂದು ದೊಡ್ಡದರ ಬದಲು ಎರಡು ಮೂರು ಸಣ್ಣವು ಜಾಣತನ. ಗ್ಯಾಸ್ ಇಳಿದಂತೆ ಒಂದನ್ನು ಎತ್ತಿ ಬೇರೆಡೆಗೆ ಸಾಗಿಸಬಹುದು, ಒಂದು ರಿಪೇರಿಯಲ್ಲಿದ್ದಾಗ ಉಳಿದವು ಓಡುತ್ತವೆ. ಮಾದರಿಯನ್ನು ನಂಬುವ ಮುನ್ನ ಪಂಪಿಂಗ್ ಪರೀಕ್ಷೆಯೂ ಬೇಕು. ಕೆಲವು ಬಾವಿ ಕೊರೆದು, ವಾರಗಟ್ಟಲೆ ಗ್ಯಾಸ್ ಎಳೆದು, ಸುತ್ತ ಬೇರೆಬೇರೆ ದೂರದಲ್ಲಿ ಹೂತ ಸಣ್ಣ ಪೈಪುಗಳಲ್ಲಿ ಒತ್ತಡ ಎಷ್ಟು ಇಳಿಯಿತೆಂದು ಅಳೆಯಬೇಕು. ಎರಡು ದಿನದ ಪರೀಕ್ಷೆ ಸಾಲದು. ಮೊದಲ ದಿನಗಳಲ್ಲಿ ಬರುವುದು ಕಸದ ಸಂದುಗಳಲ್ಲಿ ಕೂಡಿಟ್ಟಿದ್ದ ಹಳೆಯ ಗ್ಯಾಸ್, ಹೊಸದಾಗಿ ಹುಟ್ಟುತ್ತಿರುವುದಲ್ಲ.

ಕಟ್ಟಡದ ಅವಶೇಷ, ಮಣ್ಣು, ಬೂದಿ ಇವನ್ನೆಲ್ಲ ತೂಕದಲ್ಲಿ ಸೇರಿಸಿಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಅವು ಗ್ಯಾಸ್ ಕೊಡುವುದಿಲ್ಲ. ಆಗಾಗ ಬೆಂಕಿ ಬಿದ್ದ ಗುಡ್ಡೆಯಾದರೆ ಕೊಳೆಯಬೇಕಾದದ್ದರಲ್ಲಿ ಎಷ್ಟೋ ಆಗಲೇ ಸುಟ್ಟುಹೋಗಿರುತ್ತದೆ. ಹಿಡಿಯುವ ಪ್ರಮಾಣವೂ ಹೊದಿಕೆಯ ಮೇಲೆ ನಿಂತಿದೆ. ಪೂರ್ತಿ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಶೇ. 85-90 ಹಿಡಿಯಬಹುದು, ಬರೀ ಮಣ್ಣು ಮುಚ್ಚಿದ್ದರೆ ಶೇ. 50-60 ಸಿಕ್ಕರೆ ಸಮಾಧಾನಪಡಬೇಕು.

ಬಾವಿ

ಲಂಬ ಬಾವಿಗೆ 60ರಿಂದ 90 ಸೆಂ.ಮೀ. ವ್ಯಾಸದ ರಂಧ್ರ ಕೊರೆಯುತ್ತಾರೆ. ಆಳ ಕಸದ ದಪ್ಪದ ಮುಕ್ಕಾಲು ಭಾಗ. ತಳದ ಲೈನರ್‌ಗೂ (ಕಸದ ರಸ ನೆಲಕ್ಕಿಳಿಯದಂತೆ ಹಾಸಿದ ಪದರ) ಬಾವಿಯ ತುದಿಗೂ ಕನಿಷ್ಠ 3ರಿಂದ 5 ಮೀಟರ್ ಅಂತರ ಬಿಡಬೇಕು, ಲೈನರ್ ತೂತಾದರೆ ಆ ಹಾನಿಗೆ ಪರಿಹಾರವೇ ಇಲ್ಲ. ಹಳೆಯ ನಕಾಶೆಯಲ್ಲಿರುವ ತಳದ ಮಟ್ಟವನ್ನು ನಂಬಿ ಕೊರೆಯಬೇಡಿ. ಕೊರೆಯುವ ದಿನವೇ ನೆಲದ ಮಟ್ಟ ಅಳೆಯಿರಿ, ಗುಡ್ಡೆ ಅಷ್ಟರಲ್ಲಿ ಮೀಟರುಗಟ್ಟಲೆ ಕುಸಿದಿರಬಹುದು.

ಒಳಗೆ ಇಳಿಸುವುದು 150 ಅಥವಾ 200 ಮಿ.ಮೀ. ವ್ಯಾಸದ ಎಚ್‌ಡಿಪಿಇ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಪೈಪು. ಕೆಳಗಿನ ಮೂರನೇ ಎರಡು ಭಾಗಕ್ಕೆ ತೂತು ಅಥವಾ ಸೀಳು ಇರುತ್ತದೆ, ಮೇಲಿನ 5-6 ಮೀಟರ್ ಗಟ್ಟಿ ಪೈಪು. ಆ ಗಟ್ಟಿ ಭಾಗವನ್ನು ಉಳಿತಾಯಕ್ಕೆಂದು 2 ಮೀಟರಿಗೆ ಇಳಿಸಿದರೆ ಬಾವಿ ಕಸದ ಗ್ಯಾಸಿಗಿಂತ ಮೇಲಿನ ಗಾಳಿಯನ್ನೇ ಹೆಚ್ಚು ಎಳೆಯುತ್ತದೆ. ಪೈಪಿನ ಸುತ್ತ 25ರಿಂದ 50 ಮಿ.ಮೀ. ಜಲ್ಲಿ ತುಂಬಬೇಕು. ಜಲ್ಲಿ ಸುಣ್ಣಕಲ್ಲಿನದಾಗಿರಬಾರದು, ಕಸದ ಆಮ್ಲೀಯ ರಸ ಅದನ್ನು ಕರಗಿಸಿ ಕೆಳಗೆ ಮತ್ತೆ ಗಟ್ಟಿ ಪದರವಾಗಿ ಕೂರಿಸಿ ತೂತು ಮುಚ್ಚುತ್ತದೆ. ಜಲ್ಲಿಯ ಮೇಲೆ ಅರ್ಧದಿಂದ ಒಂದು ಮೀಟರ್ ಬೆಂಟೊನೈಟ್ ಜೇಡಿಯ ಸೀಲ್ ಹಾಕಬೇಕು. ಬೆಂಟೊನೈಟ್ ಗುಳಿಗೆ ಸುರಿದು ನೀರು ಹಾಕದೆ ಹೋಗುವುದೂ ಉಂಟು. ಒಣ ಬೆಂಟೊನೈಟ್ ಸೀಲ್ ಅಲ್ಲ, ಅದು ಬರೀ ಇನ್ನೊಂದು ಬಗೆಯ ಜಲ್ಲಿ. ಪದರಪದರವಾಗಿ ಹಾಕಿ ನೆನೆಸಬೇಕು.

ಬಾವಿಗಳ ನಡುವಿನ ಅಂತರ ಸಾಮಾನ್ಯವಾಗಿ 40ರಿಂದ 60 ಮೀಟರ್. ಅಂಚಿನ ಕಡೆ ಹತ್ತಿರ ಹತ್ತಿರ ಇರಬೇಕು, ಏಕೆಂದರೆ ಇಳಿಜಾರಿನಲ್ಲಿ ಕಸ ತೆಳು, ಜೋರಾಗಿ ಎಳೆದರೆ ಗಾಳಿ ನುಗ್ಗುತ್ತದೆ. ಇನ್ನೂ ಕಸ ಸುರಿಯುತ್ತಿರುವ ಜಾಗಕ್ಕೆ ಅಡ್ಡ ಪೈಪುಗಳೇ ಸರಿ. ಕಂದಕ ತೋಡಿ, ಜಲ್ಲಿ ಅಥವಾ ಕತ್ತರಿಸಿದ ಟೈರ್ ಚೂರು ಹಾಸಿ, ತೂತಿನ ಪೈಪು ಮಲಗಿಸಿ, ಅದರ ಮೇಲೆ ಕಸ ಸುರಿಯುತ್ತಾ ಹೋಗುವುದು. ಅಗ್ಗ, ಬೇಗ ಗ್ಯಾಸ್ ಕೊಡುತ್ತದೆ. ಆದರೆ ಕಸ ಏರುಪೇರಾಗಿ ಕುಸಿದಾಗ ನಡುವೆ ಬಾಗಿ ನೀರು ಕಟ್ಟಿಕೊಳ್ಳುತ್ತದೆ, ಆಯುಷ್ಯ ಕಡಿಮೆ.

ಕೊರೆಯುವ ಕೆಲಸ ಅಪಾಯದ್ದು. ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರ ನಡುವೆ ಇದ್ದಾಗ ಸ್ಫೋಟಿಸುತ್ತದೆ, ತೆರೆದ ರಂಧ್ರದ ಬಾಯಲ್ಲಿ ಈ ಮಿಶ್ರಣ ಸದಾ ಸಿದ್ಧ. ವಿಷಗಾಳಿಯಾದ ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ) ಹತ್ತಿರ ಬಂದಾಗ ಮೂಗು ವಾಸನೆ ಗುರುತಿಸುವುದನ್ನೇ ನಿಲ್ಲಿಸುತ್ತದೆ. ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದುಕೊಂಡವರೇ ಮೊದಲು ಬೀಳುವುದು. ಮೈಮೇಲೆ ಗ್ಯಾಸ್ ಮೀಟರ್ ಇಲ್ಲದೆ ಯಾರೂ ಹತ್ತಿರ ಹೋಗಕೂಡದು. ಸಂಜೆ ಕೆಲಸ ನಿಲ್ಲಿಸಿದಾಗ ರಂಧ್ರವನ್ನು ತೆರೆದಿಟ್ಟು ಹೋಗಕೂಡದು.

ನೀರು, ಎಲ್ಲೆಲ್ಲೂ ನೀರು

ಕಸದೊಳಗಿನ ಗ್ಯಾಸ್ ಬಿಸಿ ಮತ್ತು ತೇವದಿಂದ ತುಂಬಿತುಳುಕುತ್ತಿರುತ್ತದೆ. 40 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗ್ಯಾಸ್ ಸುಮಾರು 51 ಗ್ರಾಂ ನೀರಿನ ಆವಿ ಹೊತ್ತಿರುತ್ತದೆ, 5 ಡಿಗ್ರಿಯಲ್ಲಿ 7 ಗ್ರಾಂ ಮಾತ್ರ. ಗಂಟೆಗೆ 600 ಘನ ಮೀಟರ್ ಹರಿಯುವ ಕಡೆ ದಿನಕ್ಕೆ 600 ಲೀಟರಿಗೂ ಮೀರಿ ನೀರು ಎಲ್ಲೋ ಒಂದು ಕಡೆ ಹನಿಯಲೇಬೇಕು. ಎಲ್ಲಿ ಹನಿಯಬೇಕೆಂದು ನೀವು ನಿರ್ಧರಿಸದಿದ್ದರೆ ಪೈಪೇ ನಿರ್ಧರಿಸುತ್ತದೆ.

ಎಲ್ಲ ಬಾವಿಗಳ ಗ್ಯಾಸ್ ಕೂಡಿಸಿ ಒಯ್ಯುವ, ಕಸದ ಮೇಲೆ ಹಾದುಹೋಗುವ ಹೆಡರ್ ಪೈಪಿಗೆ ಶೇ. 3ರಿಂದ 5ರಷ್ಟು ಇಳಿಜಾರು ಕೊಡುವುದು ಇದೇ ಕಾರಣಕ್ಕೆ. ಗಟ್ಟಿ ನೆಲದ ಮೇಲೆ ಶೇ. 1-2 ಸಾಕಾಗುತ್ತದೆ, ಆದರೆ ಕಸ ಕೂತುಕೊಳ್ಳುತ್ತದೆ. ವರ್ಷಗಳ ಅವಧಿಯಲ್ಲಿ ಎತ್ತರದ ಶೇ. 15ರಿಂದ 30ರಷ್ಟು ಕುಸಿತ ಅಸಹಜವಲ್ಲ. ಒಂದು ಕಡೆ ಹೆಚ್ಚು ಕುಸಿದರೆ ಪೈಪಿನಲ್ಲಿ ಹೊಟ್ಟೆ ಬಿದ್ದು ಅಲ್ಲಿ ನೀರು ನಿಲ್ಲುತ್ತದೆ. ಲಕ್ಷಣ ಸ್ಪಷ್ಟ: ಗೊಳಗೊಳ ಸದ್ದು, ಬಾವಿಯಲ್ಲಿ ಎಳೆತದ ಒತ್ತಡ ಏರಿಳಿಯುವುದು, ಎಂಜಿನ್ನಿನ ಲೋಡ್ ತೂಗಾಡುವುದು. ಹೆಡರ್ ಉದ್ದಕ್ಕೂ ಅಲ್ಲಲ್ಲಿ ಒತ್ತಡ ಅಳೆಯುತ್ತಾ ಹೋದರೆ ಎಲ್ಲಿ ಥಟ್ಟನೆ ಇಳಿಯುತ್ತದೋ ಅದರ ನಡುವೆ ನೀರು ಕೂತಿದೆ ಎಂದರ್ಥ. ಹೀಗಾಗಿ ಅಳತೆಯ ಬಾಯಿಗಳನ್ನು ಕಟ್ಟುವಾಗಲೇ ಇಟ್ಟುಬಿಡಬೇಕು.

ಪೈಪಿನಲ್ಲಿ ಹನಿದ ನೀರನ್ನು ಹೊರಬಿಡುವ ಕಂಡೆನ್ಸೇಟ್ ಟ್ರ್ಯಾಪಿನ ಒಂದು ಲೆಕ್ಕ ಬಹಳ ಕಡೆ ತಪ್ಪುತ್ತದೆ. 100 ಮಿಲಿಬಾರ್ ಎಳೆತ ಸುಮಾರು ಒಂದು ಮೀಟರ್ ನೀರನ್ನು ಮೇಲೆತ್ತುತ್ತದೆ. ಬಾವಿಗಳಿಂದ ಗ್ಯಾಸ್ ಎಳೆಯುವ ಯಂತ್ರವಾದ ಬ್ಲೋವರ್ 100 ಮಿಲಿಬಾರ್ ಎಳೆಯುತ್ತಿದ್ದು, ಯು ಆಕಾರದ ನೀರಿನ ಸೀಲ್ 60 ಸೆಂ.ಮೀ. ಮಾತ್ರ ಇದ್ದರೆ ನೀರು ಒಳಗೆ ಸೆಳೆದುಕೊಂಡು ಹೋಗಿ, ಆ ದಾರಿಯಿಂದ ಗಾಳಿ ನುಗ್ಗುತ್ತದೆ. ಗರಿಷ್ಠ ಎಳೆತದ ಒಂದೂವರೆ ಪಟ್ಟಾದರೂ ಸೀಲ್ ಆಳವಿರಲಿ. ಬೇಸಿಗೆಯಲ್ಲಿ ಸೀಲಿನ ನೀರು ಆರಿಹೋಗುವುದನ್ನೂ ನೋಡುತ್ತಿರಬೇಕು.

ನೆಲದ ಮೇಲೆ ಬಿಟ್ಟ ಎಚ್‌ಡಿಪಿಇ ಪೈಪು ಬಿಸಿಲಿಗೆ ಹಿಗ್ಗುತ್ತದೆ. 100 ಮೀಟರ್ ಪೈಪು 30 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಮೀಟರ್ ಉದ್ದವಾಗುತ್ತದೆ. ಬಿಗಿಯಾಗಿ ಜೋಡಿಸಿದ್ದರೆ ಅದು ಬಾವಿಯ ತಲೆಯನ್ನೇ ವಾಲಿಸುತ್ತದೆ. ಬಾವಿಗೂ ಹೆಡರಿಗೂ ನಡುವೆ ಬಾಗುವ ಹೋಸ್ ಇರಬೇಕಾದದ್ದು ಇದಕ್ಕೂ, ಕುಸಿತಕ್ಕೂ.

ಬಾವಿಯೊಳಗೇ ಕಸದ ರಸ ಏರುವುದು ಮಳೆ ಹೆಚ್ಚಿರುವಲ್ಲಿನ ದೊಡ್ಡ ತಲೆನೋವು. 20 ಮೀಟರ್ ಬಾವಿಯಲ್ಲಿ 14 ಮೀಟರ್ ರಸ ನಿಂತರೆ ತೂತುಗಳೆಲ್ಲ ಮುಳುಗಿ ಗ್ಯಾಸಿಗೆ ದಾರಿಯೇ ಇರುವುದಿಲ್ಲ. ಗ್ಯಾಸ್ ಕಡಿಮೆ ಬಂತೆಂದು ವಾಲ್ವು ಇನ್ನಷ್ಟು ತೆರೆದರೆ ರಸ ಮತ್ತಷ್ಟು ಮೇಲೇರುತ್ತದೆ, ಅಷ್ಟೇ. ತಿಂಗಳಿಗೊಮ್ಮೆ ಮಟ್ಟ ಅಳೆಯಬೇಕು, ಬೇಕಾದಲ್ಲಿ ಗಾಳಿಯೊತ್ತಡದ ಪಂಪು ಇಳಿಸಬೇಕು. ವಿದ್ಯುತ್ ಪಂಪಿಗಿಂತ ಇದು ವಾಸಿ, ಕಿಡಿಯ ಭಯವಿಲ್ಲ, ಒಣಗಿ ಓಡಿದರೂ ಸುಡುವುದಿಲ್ಲ.

ವಾಲ್ವು ತಿರುಗಿಸುವ ಕಲೆ

ಇಡೀ ಯೋಜನೆಯ ಆದಾಯ ನಿರ್ಧಾರವಾಗುವುದು ಇಲ್ಲಿ. ಪ್ರತಿ ಬಾವಿಯ ತಲೆಯಲ್ಲಿ ವಾಲ್ವು, ಒತ್ತಡ ಮತ್ತು ಉಷ್ಣತೆ ಅಳೆಯುವ ಬಾಯಿ, ಹರಿವು ಅಳೆಯುವ ಆರಿಫೈಸ್ ಅಥವಾ ಪಿಟಾಟ್ ಇರುತ್ತದೆ. ಕೈಯಲ್ಲಿ ಹಿಡಿಯುವ ಅನಲೈಸರ್ ಮೀಥೇನ್, ಇಂಗಾಲದ ಡೈಆಕ್ಸೈಡ್, ಆಮ್ಲಜನಕ ಮೂರನ್ನು ಅಳೆದು, ಉಳಿದದ್ದನ್ನು 'ಬ್ಯಾಲೆನ್ಸ್' ಎಂದು ತೋರಿಸುತ್ತದೆ. ಅದು ಹೆಚ್ಚುಕಡಿಮೆ ಪೂರ್ತಿ ಸಾರಜನಕವೇ.

ಈ ಸಾರಜನಕವನ್ನು ಓದಲು ಕಲಿತರೆ ಅರ್ಧ ಕೆಲಸ ಬಂದಂತೆ. ಕಸ ಸಾರಜನಕವನ್ನು ಹೆಚ್ಚು ಹುಟ್ಟಿಸುವುದಿಲ್ಲ, ಆದ್ದರಿಂದ ಅದು ಹೊರಗಿನ ಗಾಳಿಯಿಂದಲೇ ಬಂದದ್ದು. ಗಾಳಿಯಲ್ಲಿ ಸಾರಜನಕ ಮತ್ತು ಆಮ್ಲಜನಕದ ಪ್ರಮಾಣ ಸುಮಾರು 3.8ಕ್ಕೆ 1. ಒಂದು ಬಾವಿಯಲ್ಲಿ ಮೀಥೇನ್ 44, ಇಂಗಾಲದ ಡೈಆಕ್ಸೈಡ್ 35, ಆಮ್ಲಜನಕ 4.3, ಬ್ಯಾಲೆನ್ಸ್ 16.7 ಬಂದರೆ ಕೊನೆಯ ಎರಡರ ಅನುಪಾತ 3.9. ಅಂದರೆ ಗಾಳಿ ಇದ್ದ ಹಾಗೇ ಬಂದಿದೆ: ಹೋಸ್ ಬಿರುಕು, ಸಡಿಲ ಕ್ಲಾಂಪ್, ಅಥವಾ ನಿಮ್ಮ ಸ್ಯಾಂಪಲ್ ಟ್ಯೂಬೇ ಸೋರುತ್ತಿದೆ. ವಾಲ್ವು ಮುಟ್ಟಬೇಡಿ, ಸೋರಿಕೆ ಹುಡುಕಿ. ಇನ್ನೊಂದು ಬಾವಿಯಲ್ಲಿ ಮೀಥೇನ್ 42, ಇಂಗಾಲದ ಡೈಆಕ್ಸೈಡ್ 34, ಆಮ್ಲಜನಕ 0.3, ಬ್ಯಾಲೆನ್ಸ್ 23.7 ಬಂತು ಎನ್ನಿ. ಆಮ್ಲಜನಕ ಕಡಿಮೆ ಇದೆಯೆಂದು ಹೊಸಬರು ಇದನ್ನು ಒಳ್ಳೆಯ ಬಾವಿ ಎನ್ನುತ್ತಾರೆ. ಇದೇ ಕೆಟ್ಟದ್ದು. ಗಾಳಿ ಹೊದಿಕೆಯ ಮೂಲಕ ಕಸದೊಳಗೆ ಇಳಿದಿದೆ, ಆಮ್ಲಜನಕವನ್ನು ಕಸ ತಿಂದು ಹಾಕಿದೆ, ಸಾರಜನಕ ಮಾತ್ರ ಸಾಕ್ಷಿಯಾಗಿ ಉಳಿದಿದೆ. ಈ ಬಾವಿಯನ್ನು ಮಿತಿಮೀರಿ ಎಳೆಯಲಾಗುತ್ತಿದೆ. ವಾಲ್ವು ತುಸು ಮುಚ್ಚಬೇಕು.

ಇದರ ವಿರುದ್ಧ ತುದಿಯೂ ಇದೆ. ಮೀಥೇನ್ ಶೇ. 58-60, ಸಾರಜನಕ ಸೊನ್ನೆ, ಹರಿವು ಕಡಿಮೆ. ನೋಡಲು ಚೆಂದದ ಅಂಕಿ, ಆದರೆ ಆ ಬಾವಿಯ ಸುತ್ತಲಿನ ಗ್ಯಾಸ್ ಮೇಲ್ಮೈಯಿಂದ ಸೋರಿಹೋಗುತ್ತಿದೆ. ಎಂಜಿನ್ನಿಗೆ ಬೇಕಾದದ್ದು ಒಟ್ಟು ಗ್ಯಾಸಿನಲ್ಲಿ ಶೇ. 48ರಿಂದ 52 ಮೀಥೇನ್, ಆಮ್ಲಜನಕ ಶೇ. 1ರ ಆಸುಪಾಸು. ಅದಕ್ಕಿಂತ ಶ್ರೀಮಂತ ಗ್ಯಾಸಿನ ಹಿಂದೆ ಬಿದ್ದರೆ ಮೀಥೇನ್ ಕೈತಪ್ಪಿಸಿಕೊಳ್ಳುತ್ತೀರಿ.

ವಾಲ್ವನ್ನು ಒಮ್ಮೆಗೆ ಹರಿವಿನ ಶೇ. 10ಕ್ಕಿಂತ ಹೆಚ್ಚು ಬದಲಿಸಬೇಡಿ. ಬದಲಿಸಿದ ಮೇಲೆ ಒಂದೆರಡು ದಿನ ಕಾಯಿರಿ, ಕಸ ನಿಧಾನಕ್ಕೆ ಪ್ರತಿಕ್ರಿಯಿಸುತ್ತದೆ. ಒಂದು ಬಾವಿಯನ್ನು ಬಿಗಿದರೆ ಉಳಿದವುಗಳ ಎಳೆತ ತಾನಾಗಿ ಹೆಚ್ಚುತ್ತದೆ ಎಂಬುದನ್ನೂ ಮರೆಯಬಾರದು. ಬೆಳಿಗ್ಗೆ ಎಲ್ಲ ಬಾವಿ ಜೋರಾಗಿ ತೆರೆದು ಸಂಜೆ ಮೆಗಾವ್ಯಾಟ್ ಏರಿದ್ದನ್ನು ನೋಡಿ ಖುಷಿಪಡುವವರು ಹತ್ತು ದಿನದ ನಂತರ ಬಂದು ನೋಡಬೇಕು. ಒಳಗೆ ಇಳಿದ ಆಮ್ಲಜನಕ ಮೀಥೇನ್ ಜೀವಿಗಳಿಗೆ ವಿಷ, ಅವು ಚೇತರಿಸಿಕೊಳ್ಳಲು ವಾರಗಳು ಬೇಕು.

ವಾಯುಮಂಡಲದ ಒತ್ತಡವೂ ಆಟವಾಡುತ್ತದೆ. ಒತ್ತಡ ಇಳಿದಾಗ ಗುಡ್ಡೆ ಗ್ಯಾಸ್ ಉಸಿರು ಬಿಡುತ್ತದೆ, ಏರಿದಾಗ ಗಾಳಿ ಒಳಗೆಳೆದುಕೊಳ್ಳುತ್ತದೆ. ಇದು ಎಷ್ಟು ಗಂಭೀರವೆಂದರೆ, 1986ರ ಮಾರ್ಚ್ 24ರಂದು ಇಂಗ್ಲೆಂಡಿನ ಡರ್ಬಿಷೈರ್‌ನ ಲಾಸ್ಕೋದಲ್ಲಿ ವಾಯುಮಂಡಲದ ಒತ್ತಡ ಸುಮಾರು 7 ಗಂಟೆಯಲ್ಲಿ 29 ಮಿಲಿಬಾರ್ ಕುಸಿದಾಗ ಪಕ್ಕದ ಲ್ಯಾಂಡ್‌ಫಿಲ್‌ನ ಗ್ಯಾಸ್ ನೆಲದೊಳಗಿಂದ ಹರಿದು ಒಂದು ಮನೆಯನ್ನು ಸ್ಫೋಟಿಸಿತು. ಮನೆಯೊಳಗಿದ್ದ ಮೂವರು ಗಾಯಗೊಂಡರು. ಬಾವಿ ಟ್ಯೂನ್ ಮಾಡುವಾಗ ಆ ಹೊತ್ತಿನ ವಾಯುಮಂಡಲದ ಒತ್ತಡವನ್ನೂ ಬರೆದಿಡಬೇಕು. ಇಲ್ಲದಿದ್ದರೆ ಹೋದ ವಾರದ ಅಂಕಿ ಈ ವಾರದ್ದಕ್ಕೆ ಹೋಲಿಕೆಯಾಗುವುದಿಲ್ಲ.

ಮಿತಿಮೀರಿದ ಎಳೆತದ ಕೊನೆ ಬೆಂಕಿ. ಕಸದೊಳಗೆ ಜ್ವಾಲೆ ಕಾಣದೆ ಕೆಂಡದಂತೆ ಸುಡುತ್ತದೆ. ಬಾವಿಯ ಉಷ್ಣತೆ 55 ದಾಟಿ ಏರುತ್ತಿದ್ದರೆ ಎಚ್ಚರ, 65-70ಕ್ಕೆ ಬಂದರೆ ಮೀಥೇನ್ ಜೀವಿಗಳೂ ಸಾಯುತ್ತಿವೆ. ನೆಲ ಒಂದೇ ಕಡೆ ಥಟ್ಟನೆ ಕುಸಿಯುವುದು, ಸುಟ್ಟ ವಾಸನೆ, ಇಂಗಾಲದ ಮಾನಾಕ್ಸೈಡ್ 1,000 ಪಿಪಿಎಂ ದಾಟುವುದು ಇವು ಒಟ್ಟಿಗೆ ಬಂದರೆ ಅನುಮಾನವೇ ಬೇಡ. ಒಂದು ಎಚ್ಚರಿಕೆ: ಕೈ ಮೀಟರಿನ ಮಾನಾಕ್ಸೈಡ್ ಸೆನ್ಸರ್ ಹೈಡ್ರೋಜನ್ನಿಗೂ ಮೋಸ ಹೋಗುತ್ತದೆ, ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಮಾಡಬೇಕಾದದ್ದು ಆ ಬಾವಿಯನ್ನೂ ಅಕ್ಕಪಕ್ಕದವನ್ನೂ ಮುಚ್ಚಿ, ಬಿರುಕುಗಳ ಮೇಲೆ ಮಣ್ಣು ಬಿಗಿಯಾಗಿ ಹೊದಿಸಿ ಗಾಳಿ ತಪ್ಪಿಸುವುದು. ಅಗೆದು ನೋಡಲು ಹೋದರೆ ಬೆಂಕಿಗೆ ಬೇಕಾದ ಗಾಳಿಯನ್ನು ನೀವೇ ಕೊಟ್ಟಂತೆ.

ತೊಳೆಯುವುದು, ಒಣಗಿಸುವುದು

ಇಲ್ಲಿ ಸಾಧನಗಳಿಗಿಂತ ಅವುಗಳ ಕ್ರಮ ಮುಖ್ಯ. ಮೊದಲು ದೊಡ್ಡ ನೀರು ಬೇರ್ಪಡಿಸುವ ಡ್ರಮ್. ಹೈಡ್ರೋಜನ್ ಸಲ್ಫೈಡ್ ಹೆಚ್ಚಿದ್ದರೆ ನಂತರ ಕಬ್ಬಿಣದ ಆಕ್ಸೈಡ್ ತುಂಬಿದ ಗೋಪುರ. ಕಬ್ಬಿಣದ ಆಕ್ಸೈಡಿಗೆ ತೇವ ಬೇಕು, ಹಾಗಾಗಿ ಅದು ಗ್ಯಾಸನ್ನು ತಂಪು ಮಾಡಿ ಒಣಗಿಸುವ ಚಿಲ್ಲರ್‌ಗಿಂತ ಮೊದಲು ಬರಬೇಕು. ಸಕ್ರಿಯ ಇದ್ದಿಲಿಗೆ ಸಿಲೋಕ್ಸೇನ್ ಹಿಡಿಯಲು ಒಣ ಗ್ಯಾಸ್ ಬೇಕು, ಹಾಗಾಗಿ ಅದು ಚಿಲ್ಲರ್ ನಂತರ. ಇವೆರಡನ್ನು ತಿರುಗಾಮುರುಗಾ ಜೋಡಿಸಿದರೆ ಎರಡೂ ಅರ್ಧ ಆಯುಷ್ಯಕ್ಕೇ ಕೈಕೊಡುತ್ತವೆ. ಚಿಲ್ಲರ್ ಗ್ಯಾಸನ್ನು 5 ಡಿಗ್ರಿಗೆ ಇಳಿಸಿ, ಆಮೇಲೆ ಬ್ಲೋವರಿನ ಬಿಸಿಯಿಂದಲೋ ಹೀಟರಿನಿಂದಲೋ 20 ಡಿಗ್ರಿಗೆ ಏರಿದರೆ ಸಾಪೇಕ್ಷ ಆರ್ದ್ರತೆ ಶೇ. 40ರ ಕೆಳಗೆ ಬರುತ್ತದೆ. ಇದ್ದಿಲು ಆಗ ನೀರು ಕುಡಿಯದೆ ತನ್ನ ಕೆಲಸ ಮಾಡುತ್ತದೆ.

ಮುಗಿದ ಕಬ್ಬಿಣದ ಆಕ್ಸೈಡ್ ತೆಗೆಯುವಾಗ ಜಾಗ್ರತೆ. ಅದೀಗ ಕಬ್ಬಿಣದ ಸಲ್ಫೈಡ್, ಗಾಳಿ ತಾಗಿದರೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಚೆನ್ನಾಗಿ ನೆನೆಸಿ ತೆಗೆದು, ತೆಳುವಾಗಿ ಹರಡಬೇಕು. ಗುಡ್ಡೆಯಲ್ಲಿ ಜಿಪ್ಸಂ ಬೋರ್ಡಿನ ಚೂರು ಹೆಚ್ಚಿದ್ದರೆ ಸಲ್ಫೈಡ್ ಸಾವಿರಾರು ಪಿಪಿಎಂಗೆ ಏರುತ್ತದೆ. ಆಗ ಈ ಗೋಪುರದ ಖರ್ಚು ದುಬಾರಿಯಾಗಿ ಬ್ಯಾಕ್ಟೀರಿಯಾಗಳಿಂದ ಸಲ್ಫೈಡ್ ತೆಗೆಸುವ ಜೈವಿಕ ಸ್ಕ್ರಬ್ಬರ್ ಯೋಚಿಸಬೇಕಾಗುತ್ತದೆ.

ಈಗ ಸಿಲೋಕ್ಸೇನ್. ಶಾಂಪೂ, ಕ್ರೀಮು, ಡಿಯೋಡರೆಂಟ್, ಸಿಲಿಕೋನ್ ಅಂಟು ಇವುಗಳಿಂದ ಬರುವ, ಸಿಲಿಕಾನ್ ಇರುವ ಆವಿ. ಎಂಜಿನ್ನಿನಲ್ಲಿ ಸುಟ್ಟಾಗ ಸಿಲಿಕಾ, ಅಂದರೆ ನಯವಾದ ಮರಳಾಗುತ್ತದೆ. ಘನ ಮೀಟರಿಗೆ 20 ಮಿಲಿಗ್ರಾಂ ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಗಂಟೆಗೆ 550 ಘನ ಮೀಟರ್ ಕುಡಿಯುವ ಎಂಜಿನ್ 8,000 ಗಂಟೆ ಓಡಿದರೆ 88 ಕಿಲೋ ಸಿಲೋಕ್ಸೇನ್ ಒಳಗೆ ಹೋಗಿ ಸುಮಾರು 70 ಕಿಲೋ ಸಿಲಿಕಾ ಆಗುತ್ತದೆ. ಹೆಚ್ಚಿನದು ಹೊಗೆಯಲ್ಲಿ ಹೋಗುತ್ತದೆ ನಿಜ. ಉಳಿದದ್ದು ಪಿಸ್ಟನ್ ತಲೆ, ವಾಲ್ವು, ಸ್ಪಾರ್ಕ್ ಪ್ಲಗ್, ಟರ್ಬೋ ಮೇಲೆ ಬಿಳಿ ಹಕ್ಕಳೆಯಾಗಿ ಕೂತು, ಬಿಸಿ ಹಿಡಿದು, ಎಂಜಿನ್ ಬಡಿಯಲು (ಗ್ಯಾಸ್ ಕಿಡಿಗೆ ಕಾಯದೆ ತಾನಾಗಿ ಹೊತ್ತಿ ಸಿಡಿಯಲು) ಶುರುಮಾಡುತ್ತದೆ. ಚಿಲ್ಲರ್ ಇದನ್ನು ಸ್ವಲ್ಪ ಮಾತ್ರ ತೆಗೆಯುತ್ತದೆ. ಇದ್ದಿಲ ಪಾತ್ರೆ ಎರಡು ಸಾಲಾಗಿ ಇರಬೇಕು, ಎರಡರ ನಡುವಿನ ಗ್ಯಾಸನ್ನು ಪರೀಕ್ಷಿಸಬೇಕು. ನಡುವೆ ಸಿಲೋಕ್ಸೇನ್ ಕಂಡ ದಿನ ಮೊದಲನೆಯದು ತುಂಬಿದೆ ಎಂದರ್ಥ. ಆಗ ಅದರ ಇದ್ದಿಲು ಬದಲಿಸಿ ಎರಡನೆಯ ಸ್ಥಾನಕ್ಕೆ ಹಾಕುವುದು.

ಎಂಜಿನ್

ಮೀಥೇನ್ ಶೇ. 50 ಇರುವ ಗ್ಯಾಸಿನ ಘನ ಮೀಟರಿಗೆ ಸುಮಾರು 5 ಕಿಲೋವ್ಯಾಟ್ ಗಂಟೆ ಶಕ್ತಿ ಇರುತ್ತದೆ. ಶೇ. 38-40 ದಕ್ಷತೆಯ ಎಂಜಿನ್ನಿಗೆ ಒಂದು ಮೆಗಾವ್ಯಾಟಿಗೆ ಗಂಟೆಗೆ 500ರಿಂದ 530 ಘನ ಮೀಟರ್ ಬೇಕು. ಇದರಲ್ಲಿ ಬ್ಲೋವರ್, ಚಿಲ್ಲರ್, ಫ್ಯಾನುಗಳಿಗೆ ಶೇ. 5-8 ಒಳಗೇ ಖರ್ಚಾಗುತ್ತದೆ. ನೂರಾರು ಕಿಲೋವ್ಯಾಟಿನಿಂದ ಕೆಲವು ಮೆಗಾವ್ಯಾಟ್ ತನಕ ಪಿಸ್ಟನ್ ಎಂಜಿನ್ನೇ ಸರಿ. ಜೆನ್‌ಬಾಕರ್, ಕ್ಯಾಟರ್‌ಪಿಲ್ಲರ್, ಎಂಡಬ್ಲ್ಯೂಎಂ ಇಂಥ ಗ್ಯಾಸಿಗೆಂದೇ ಹೊಂದಿಸಿದ ಮಾದರಿಗಳನ್ನು ಕೊಡುತ್ತವೆ. 250 ಕಿಲೋವ್ಯಾಟಿಗಿಂತ ಕಡಿಮೆಗೆ ಮೈಕ್ರೋಟರ್ಬೈನ್ ಉಂಟು, ದಕ್ಷತೆ ಕಡಿಮೆ. ಹಬೆ ಟರ್ಬೈನ್ ಬೇಕಾಗುವುದು ಲಾಸ್ ಏಂಜಲೀಸ್ ಕೌಂಟಿಯ ಪುಎಂಟೆ ಹಿಲ್ಸ್, ದಕ್ಷಿಣ ಕೊರಿಯಾದ ಸುಡೊಕ್ವಾನ್‌ನಂಥ ದೈತ್ಯ ಗುಡ್ಡೆಗಳಿಗೆ. ಎರಡೂ ಕಡೆ 50 ಮೆಗಾವ್ಯಾಟ್ ಮಟ್ಟದ ಸ್ಥಾವರಗಳು ಕಟ್ಟಲ್ಪಟ್ಟವು.

ಇಂಗಾಲದ ಡೈಆಕ್ಸೈಡ್ ಬೆರೆತ ಗ್ಯಾಸ್ ಒಂದು ರೀತಿಯಲ್ಲಿ ಒಳ್ಳೆಯದೇ, ಬಡಿತ ತಡೆಯುತ್ತದೆ. ತೊಂದರೆ ಆಮ್ಲದ್ದು. ಸಲ್ಫೈಡ್ ಸುಟ್ಟು ಸಲ್ಫರ್ ಆಕ್ಸೈಡ್ ಆಗಿ, ನೀರು ಸೇರಿ ಗಂಧಕಾಮ್ಲವಾಗುತ್ತದೆ. ಎಂಜಿನ್ನಿನ ಸುತ್ತ ಹರಿಯುವ ಜಾಕೆಟ್ ನೀರು 90 ಡಿಗ್ರಿಗಿಂತ ಮೇಲೆ ಇರಲಿ, ತಂಪಾದ ಎಂಜಿನ್ನಿನಲ್ಲಿ ಆಮ್ಲ ಹನಿಗಟ್ಟುತ್ತದೆ. ಪದೇಪದೇ ನಿಲ್ಲಿಸಿ ಶುರುಮಾಡುವುದು ಇದೇ ಕಾರಣಕ್ಕೆ ಎಂಜಿನ್ ತಿನ್ನುತ್ತದೆ. ಎಣ್ಣೆಯ ಪರೀಕ್ಷಾ ವರದಿಯೇ ನಿಮ್ಮ ಪಂಚಾಂಗ. ಎಣ್ಣೆಯ ಆಮ್ಲ ತಡೆಯುವ ಶಕ್ತಿ ತೋರಿಸುವ ಕ್ಷಾರ ಸಂಖ್ಯೆ ಹೊಸ ಎಣ್ಣೆಯ ಅರ್ಧಕ್ಕಿಳಿದರೆ ಬದಲಿಸಿ, ಗಂಟೆ ಎಣಿಸುತ್ತ ಕೂರಬೇಡಿ. ಸಿಲಿಕಾನ್ ಏರಿದರೆ ಇದ್ದಿಲು ಮುಗಿದಿದೆ. ತಾಮ್ರ ಏರಿದರೆ ಆಮ್ಲವೋ ಸಲ್ಫೈಡೋ ಬೇರಿಂಗ್ ಅಥವಾ ಆಯಿಲ್ ಕೂಲರ್ ತಿನ್ನುತ್ತಿದೆ. ಸೋರಿದ ಸಲ್ಫೈಡ್ ಕಂಟ್ರೋಲ್ ಪ್ಯಾನೆಲಿನ ತಾಮ್ರದ ಸಂಪರ್ಕಗಳನ್ನೂ ಕಪ್ಪಾಗಿಸುತ್ತದೆ. ಕಾರಣವಿಲ್ಲದೆ ಎಂಜಿನ್ ಟ್ರಿಪ್ ಆದಾಗ (ತಾನಾಗಿ ನಿಂತಾಗ) ಸಾಫ್ಟ್‌ವೇರ್ ಬೈಯುವ ಮೊದಲು ರಿಲೇ ತೆಗೆದು ನೋಡಿ.

ಫ್ಲೇರ್ ಮತ್ತು ಗ್ರಿಡ್

ಕಸಕ್ಕೆ ಸ್ವಿಚ್ ಇಲ್ಲ. ಗ್ರಿಡ್ ಹೋಗಿ ಎಂಜಿನ್ ನಿಂತರೂ ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ಪೂರ್ತಿ ಹರಿವನ್ನು ಸುಡಬಲ್ಲ ಮುಚ್ಚಿದ ಫ್ಲೇರ್, ಅಂದರೆ ಗ್ಯಾಸ್ ಸುಟ್ಟುಹಾಕುವ ಚಿಮಣಿ ಇರಲೇಬೇಕು: 1,000 ಡಿಗ್ರಿ ಉಷ್ಣತೆ, ಕನಿಷ್ಠ 0.3 ಸೆಕೆಂಡು ಒಳಗಿರುವ ಸಮಯ, ಮುಂದೆ ಉರಿ ಪೈಪಿನೊಳಗೆ ಹಿಂದಿರುಗದಂತೆ ತಡೆಯುವ ಫ್ಲೇಮ್ ಅರೆಸ್ಟರ್. ಎಂಜಿನ್ ಟ್ರಿಪ್ ಆದ ಕೂಡಲೇ ತಾನಾಗಿ ಹೊತ್ತಿಕೊಳ್ಳಬೇಕು. ಬ್ಲೋವರ್ ಮತ್ತು ಫ್ಲೇರ್‌ಗೆ ಬೇಕಾದ ಕರೆಂಟು ಗ್ರಿಡ್ ಇಲ್ಲದಾಗಲೂ ಬರುವಂತೆ ಸಣ್ಣ ಜನರೇಟರ್ ಇಡುವುದನ್ನು ಮರೆತ ವಿನ್ಯಾಸಗಳು ಬೇಕಾದಷ್ಟಿವೆ. ಗ್ಯಾಸ್ ಲೈನಿನಲ್ಲಿ ಆಮ್ಲಜನಕ ಸದಾ ಅಳೆಯುತ್ತಿರಬೇಕು, ಶೇ. 4-5 ದಾಟಿದರೆ ಬ್ಲೋವರ್ ನಿಲ್ಲುವಂತಿರಬೇಕು. ಗ್ರಿಡ್ ಕಡೆ ಐಲ್ಯಾಂಡಿಂಗ್ (ಗ್ರಿಡ್ ಹೋದಾಗಲೂ ಎಂಜಿನ್ ಒಂಟಿಯಾಗಿ ಲೈನಿಗೆ ಕರೆಂಟು ಕೊಡುತ್ತಲೇ ಇರುವುದು) ತಡೆಯುವ ರಿಲೇಯನ್ನು ತೀರಾ ಸೂಕ್ಷ್ಮವಾಗಿ ಹೊಂದಿಸಿದರೆ ಗ್ರಿಡ್ಡಿನ ಪ್ರತಿ ಸಣ್ಣ ತೊಡಕಿಗೂ ಎಂಜಿನ್ ನಿಲ್ಲುತ್ತದೆ. ಮತ್ತದೇ ಆಮ್ಲ, ಮತ್ತದೇ ಸವೆತ.

ಗ್ಯಾಸ್ ಇಳಿಯುತ್ತಾ ಬಂದಾಗ

ಇಳಿಯುವುದಂತೂ ಖಚಿತ. ಮೊದಲು ಎಂಜಿನ್ ಪೂರ್ತಿ ಲೋಡ್ ತೆಗೆದುಕೊಳ್ಳುವುದಿಲ್ಲ. ಅರ್ಧ ಲೋಡಿಗಿಂತ ಕೆಳಗೆ ತಿಂಗಳುಗಟ್ಟಲೆ ಓಡಿಸಿದರೆ ದಕ್ಷತೆ ಬೀಳುತ್ತದೆ, ಸುಡದೆ ಹೊರಹೋಗುವ ಮೀಥೇನ್ ಹೆಚ್ಚುತ್ತದೆ. ಆ ಹೊತ್ತಿಗೆ ಬಾವಿಗಳನ್ನು ಇನ್ನಷ್ಟು ಎಳೆದು ಅಂಕಿ ಉಳಿಸಿಕೊಳ್ಳುವ ಆಸೆ ಹುಟ್ಟುತ್ತದೆ, ಕಸದೊಳಗಿನ ಬೆಂಕಿಗಳಿಗೆ ಇದೊಂದು ಮುಖ್ಯ ಕಾರಣ. ಬದಲಿಗೆ ಸಣ್ಣ ಎಂಜಿನ್ ತರಬೇಕು, ಅಥವಾ ದಿನಕ್ಕೊಮ್ಮೆ ನಿಲ್ಲಿಸಿ ಓಡಿಸುವ ಬದಲು ವಾರದಲ್ಲಿ ಕೆಲವು ದಿನ ಎಡೆಬಿಡದೆ ಓಡಿಸಿ ಉಳಿದ ದಿನ ಎಳೆತ ತಗ್ಗಿಸಬೇಕು. ಮೀಥೇನ್ ಶೇ. 40ರ ಕೆಳಗೆ ಬಂದರೆ ಬಹುತೇಕ ಎಂಜಿನ್ನುಗಳು ಮುನಿಸಿಕೊಳ್ಳುತ್ತವೆ. ಶೇ. 25ರ ಆಸುಪಾಸಿಗೆ ಸಾಮಾನ್ಯ ಫ್ಲೇರ್ ಕೂಡ ಉರಿ ಉಳಿಸಿಕೊಳ್ಳಲು ಒದ್ದಾಡುತ್ತದೆ, ಕಡಿಮೆ ಶಕ್ತಿಯ ಗ್ಯಾಸಿಗೆಂದೇ ಮಾಡಿದ ಫ್ಲೇರ್ ಬೇಕಾಗುತ್ತದೆ. ಅದಕ್ಕೂ ಕೆಳಗಿಳಿದ ಮೇಲೆ ಹೊದಿಕೆಯ ಮಣ್ಣಿನ ಮೇಲೆ ಒಂದು ಮೀಟರಿನಷ್ಟು ಹಳೆಯ ಕಾಂಪೋಸ್ಟ್ ಹಾಸಿದರೆ, ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳು ಸೋರುವ ಗ್ಯಾಸಿನ ದೊಡ್ಡ ಪಾಲನ್ನು ಅಲ್ಲೇ ಮುಗಿಸುತ್ತವೆ. ಆ ಕಾಂಪೋಸ್ಟ್ ತೀರಾ ಒಣಗಬಾರದು, ನೀರು ನಿಂತು ಗಾಳಿಯಾಡದಂತೆಯೂ ಆಗಬಾರದು. ಹಸಿ ಕಾಂಪೋಸ್ಟ್ ಹಾಕಿದರೆ ಅದೇ ಕೊಳೆತು ಆಮ್ಲಜನಕ ತಿಂದುಬಿಡುತ್ತದೆ.